ಹಾದು ಹೋಗುವವರ ಹೂವು

ಏಪ್ರಿಲ್ 6

ಅತ್ತೆಗೆ,

ಕ್ಷೇಮ ಸಮಾಚಾರಕ್ಕೆ ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಬೀಗ ಸಲೀಸಾಗಿ ತೆರೆಯಿತು, ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟು ನೂಕಿದೆ. ಕೆಳಗಿನ ಹಲಗೆ ಸೀಳಿತು. ಮೊಳೆ ಹೊಡೆದಿದ್ದೇನೆ, ಆದರೆ ಒಂದು ಮೊಳೆ ಸೊಟ್ಟಗಾಗಿ ಹೊರಗೆ ಬಂದಿದೆ. ನೀವು ಬಂದಾಗ ಬಟ್ಟೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಇನ್ನು ಕ್ಷೇಮ.

ಅಮ್ಮ ಬಸ್ಸಿನವರೆಗೂ ಬಂದಿದ್ದಳು. ಬಸ್ಸು ಹೊರಡುವಾಗ ಕಿಟಕಿ ಹಿಡಿದುಕೊಂಡು ಹೇಳಿದಳು: "ಶಾಲೆ ಬಿಟ್ಟೆ. ಬೇಕರಿ ಬಿಟ್ಟೆ. ಪ್ರೆಸ್ ಬಿಟ್ಟೆ. ಸೈಕಲ್ ಅಂಗಡಿ ಅಂತೂ ಊಟದ ಹೊತ್ತಿಗೇ ಬಿಟ್ಟು ಬಂದೆ. ನಿಮ್ಮತ್ತೆ ನಿನ್ನ ಪರವಾಗಿ ಮಾತು ಕೊಟ್ಟಿದಾರೆ. ಆ ಪರಿಮಳದ ಹೂ ಅರಳೋವರೆಗೂ ನಿಂತು ತೋರಿಸು, ಆಮೇಲೆ ನಿನ್ನ ದಾರಿ ನಿಂದು. ಮಧ್ಯದಲ್ಲಿ ಎದ್ದು ಬಂದ್ಯೋ, ಮತ್ತೆ ಶಾಲೆ ಬೆಂಚು. ನಿನಗಿಂತ ಚಿಕ್ಕವರ ಪಕ್ಕ."

ಆಯಿತು ಎಂದೆ. ಎಂದಮೇಲೆ ಎಂದ ಹಾಗೆ.

ನಿಮ್ಮ ಹಿತ್ತಲು ನೀವು ಹೇಳಿದ್ದಕ್ಕಿಂತ ಕತ್ತಲು. ಎರಡು ಕಡೆ ಗೋಡೆ, ಇನ್ನೊಂದು ಕಡೆ ದರ್ಜಿಯಮ್ಮನ ಮನೆಯ ಬೆನ್ನು, ನಡುವೆ ಛತ್ರಿ ಬಿಚ್ಚಿದ ಹಾಗೆ ಆ ಮರ. ನೆಲದ ಮೇಲೆ ಹುಲ್ಲೂ ಇಲ್ಲ, ಬೋಳು ತಲೆಯ ಹಾಗೆ ಹೊಳೆಯುತ್ತದೆ. ನರ್ಸರಿಯ ವ್ಯಾನು ನಿನ್ನೆ ಬಂತು. ಓಡಿಸುವಾಕೆ ಬೀದಿಯ ತುದಿಯಿಂದಲೇ ಹಾರ್ನ್ ಒತ್ತಿಕೊಂಡು ಬಂದಳು. ನಾನು ಹಾರ್ನಕ್ಕ ಎಂದು ಹೆಸರಿಟ್ಟೆ, ಅವಳಿಗೂ ಹೇಳಿದೆ, ಬೇಸರ ಮಾಡಿಕೊಳ್ಳಲಿಲ್ಲ. ವಯೊಲೆಟ್ ಸಸಿಗಳನ್ನು ಇಳಿಸಿಕೊಟ್ಟು, "ಬುಡದ ಕುತ್ತಿಗೆ ಮಣ್ಣಿಂದ ಮೇಲೇ ಇರ್ಲಿ, ಮುಚ್ಚಿದ್ರೆ ಕೊಳೆಯತ್ತೆ. ಈ ವರ್ಷದ ಹೂ ಮುಗೀತು. ಇನ್ನು ಮುಂದಿನ ಚಳಿ ಹೋಗೋ ಹೊತ್ತಿಗೆ" ಎಂದಳು. ನೋಡಲು ಇದರಂತೆಯೇ ಇದ್ದು ವಾಸನೆಯೇ ಇಲ್ಲದ ಜಾತಿಯೂ ಇದೆಯಂತೆ. "ನಾನು ಕೊಟ್ಟಿರೋದು ಪರಿಮಳದ್ದೇ. ಇಲ್ಲ ಅಂದ್ರೆ ಬಂದು ನನ್ನ ಮೂಗು ಕುಯ್ಯಿ."

ನೆಟ್ಟಿದ್ದೇನೆ. ಅಂಗೈಯಷ್ಟು ದೂರಕ್ಕೊಂದು. ನೋಡಿದರೆ ದೊಡ್ಡ ಹಜಾರದಲ್ಲಿ ನಾಲ್ಕು ಜನ ಕೂತ ಹಾಗಿದೆ. ಈ ಹೂವೇ ಏಕೆ ಬೇಕಿತ್ತು ನಿಮಗೆ? ಸೊಪ್ಪು ಹಾಕಿದ್ದರೆ ತಿನ್ನಬಹುದಿತ್ತು.

ನಿಮ್ಮ
ಬುಗುರಿ


ಏಪ್ರಿಲ್ 30

ಬುಗುರಿಗೆ,

ಇಲ್ಲಿಗೆ ಕಾಗದ ಬರುವುದು ತರಕಾರಿ ಲಾರಿಯಲ್ಲಿ, ಆಲೂಗಡ್ಡೆ ಮೂಟೆಯ ಮೇಲೆ ಕೂತು. ಲಾರಿಯವನಿಗೆ ಮನಸ್ಸು ಬಂದಾಗ. ಫೋನು ಗುಡ್ಡದ ಈ ಕಡೆ ಸತ್ತ ಹಾಗೆಯೇ. ಆದ್ದರಿಂದ ತಡವಾದರೆ ಮುನಿಸಿಕೊಳ್ಳಬೇಡ.

ಸುರಂಗದ ಕೆಲಸ ನಡೆದಿದೆ. ಅವರು ಬೆಟ್ಟ ಕೊರೆಯುತ್ತಾರೆ, ನಾನು ಅವರ ಹೊಟ್ಟೆ ತುಂಬಿಸುತ್ತೇನೆ. ಆ ಕಡೆಯಿಂದ ಕೊರೆಯುವವರೂ ಈ ಕಡೆಯವರೂ ನಡುವೆ ಸಂಧಿಸಿದ ಮೇಲೆ ಈ ಮೆಸ್ಸು ಮುಚ್ಚುತ್ತದೆ. ಆಮೇಲೆ ನಾನು ಮನೆಗೆ. ಬರುವ ಹೊತ್ತಿಗೆ ಹಿತ್ತಲು ಅರಳಿರಬೇಕು, ಇಷ್ಟೇ ನನ್ನ ಆಸೆ.

ಈ ಹೂವೇ ಏಕೆ ಎಂದೆ. ನಿನಗಿಂತ ಚಿಕ್ಕವಳಿದ್ದಾಗ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಉದ್ದ ಗೋಡೆ ಇತ್ತು. ಗೋಡೆಯಾಚೆ ಯಾರದೋ ತೋಟ. ಚಳಿಗಾಲ ಮುಗಿಯುವ ದಿನಗಳಲ್ಲಿ ಅಲ್ಲಿ ಹಾಯುವಾಗ ಒಂದು ಪರಿಮಳ ಬಂದು ಮುಖಕ್ಕೆ ತಾಗುತ್ತಿತ್ತು. ನಿಂತು ತಿರುಗಿದರೆ ಇಲ್ಲ. ಗಾಳಿಯದೇ ತಪ್ಪು ಎಂದು ಬೈದುಕೊಂಡು ಹೋಗುತ್ತಿದ್ದೆ. ಒಮ್ಮೆ ಅಲ್ಲಿನ ಮಾಲಿಯನ್ನು ಕೇಳಿದೆ, ವಯೊಲೆಟ್ ಎಂದ. ಅಂದಿನಿಂದ ನನಗೆ ಒಂದು ಅಂಗೈ ನೆರಳಿದ್ದರೂ ಅದನ್ನೇ ಹಾಕಬೇಕೆಂದಿತ್ತು.

ಗಿಡಕ್ಕೆ ಹೊಟ್ಟೆ ತುಂಬ ಹಾಕು. ತರಕಾರಿ ಸಿಪ್ಪೆ, ಕೊಳೆತ ಸಗಣಿಗೊಬ್ಬರ, ಅಕ್ಕಿ ತೊಳೆದ ನೀರು, ಯಾವುದನ್ನೂ ಚೆಲ್ಲಬೇಡ. ಉಂಡವರೇ ದುಡಿಯುವುದು, ಗಿಡವಾದರೇನು ಮನುಷ್ಯರಾದರೇನು.

ಇನ್ನೊಂದು ಮಾತು. ಬರೆಯುವಾಗ ವಾಸನೆಗಳನ್ನೂ ಬರೆ. ಬೆಳಿಗ್ಗೆ ಮನೆ ಏನು ವಾಸನೆ, ನೀರು ಹಾಕಿದ ಮಣ್ಣು ಏನು ವಾಸನೆ. ಬಿಡದೆ ಬರೆ.

ಬಾಗಿಲು ಹಳೆಯದು, ಬಿಡು.

ಅತ್ತೆ


ಜೂನ್ 19

ಅತ್ತೆಗೆ,

ವಾಸನೆ ಕೇಳಿದ್ದೀರಿ. ಬೆಳಿಗ್ಗೆ ಮನೆ ಹಳೆಯ ಮರದ ಪೆಟ್ಟಿಗೆಯ ವಾಸನೆ. ಹತ್ತು ಗಂಟೆಗೆ ದರ್ಜಿಯಮ್ಮನ ಇಸ್ತ್ರಿಯ ವಾಸನೆ. ಮಣ್ಣು ನೀವು ಹೇಳಿದ್ದನ್ನೆಲ್ಲ ಹಾಕಿದ ಮೇಲೆ ನಿಮ್ಮ ಮೆಸ್ಸಿನ ಹಿಂಬಾಗಿಲಿನ ವಾಸನೆ ಇರಬಹುದು, ಕೆಟ್ಟದಾಗಿದೆ. ದರ್ಜಿಯಮ್ಮ ಗೋಡೆಯ ಮೇಲಿಂದ ತಲೆ ಹಾಕಿ, "ಏನೇ ಹುಡುಗಿ, ಯಾರನ್ನಾದ್ರೂ ಹೂತಿದ್ದೀಯಾ ಅಲ್ಲಿ?" ಎಂದರು.

ಆದರೆ ಗಿಡ! ನೀವು ನೋಡಬೇಕಿತ್ತು. ಎಲೆಗಳು ಹೃದಯದ ಆಕಾರ, ಈಗ ನನ್ನ ಅಂಗೈಗಿಂತ ದೊಡ್ಡವು. ಪ್ರತಿ ಬುಡವೂ ಹಂಬು ಬಿಟ್ಟು, ಹಂಬು ನೆಲ ಮುಟ್ಟಿದಲ್ಲಿ ಬೇರು ಕೊಟ್ಟು, ಅಲ್ಲಿಂದ ಮತ್ತೊಂದು ಗಿಡ. ಯಾರೂ ಹೇಳದೆ ತಾವೇ ನಡೆಯುತ್ತವೆ. ಬೋಳು ನೆಲ ಅರ್ಧ ಮುಚ್ಚಿದೆ. ಕೂತಲ್ಲೇ ಕೂತು ಊರೆಲ್ಲ ಸುತ್ತುವ ಈ ಉಪಾಯ ನನಗೆ ಗೊತ್ತಿದ್ದಿದ್ದರೆ ಶಾಲೆ ಬಿಡುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಕಾಲು ತುರಿಸುತ್ತಿದೆ. ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಬೋರ್ಡುಗಳನ್ನು ಓದಿ ಬರುತ್ತೇನೆ. ಹತ್ತುವುದಿಲ್ಲ. ಓದುತ್ತೇನೆ ಅಷ್ಟೇ.

ಬುಗುರಿ


ಆಗಸ್ಟ್ 27

ಅತ್ತೆಗೆ,

ಕೆಟ್ಟ ಸುದ್ದಿ. ಹಾರ್ನಕ್ಕ ದರ್ಜಿಯಮ್ಮನ ಕುಂಡಗಳಿಗೆ ಮಣ್ಣು ಕೊಡಲು ಬಂದವಳು ನಮ್ಮ ಹಿತ್ತಲು ಇಣುಕಿದಳು. ನಾನು ಹೆಮ್ಮೆಯಿಂದ ತೋರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಇದೇನಮ್ಮ, ಹಸುಗೆ ಮೇವು ಬೆಳೀತಿದ್ದೀಯಾ?" ಎಂದಳು.

"ಎಷ್ಟು ಚೆನ್ನಾಗಿದೆ ನೋಡು!"

"ಅದೇ ತೊಂದರೆ. ಇಷ್ಟು ಸುಖವಾಗಿದ್ರೆ ಅದು ಹೂ ಯಾಕೆ ಬಿಡತ್ತೆ? ಎಲೆ ಬಿಟ್ಕೊಂಡು ಹಾಯಾಗಿರತ್ತೆ. ಏನು ಹಾಕ್ದೆ?"

ಹೇಳಿದೆ. ಸಿಪ್ಪೆ, ಸಗಣಿ, ಅಕ್ಕಿ ನೀರು, ಒಂದೂ ಬಿಡದೆ. "ಯಾರು ಹೇಳಿದ್ದು?" ಎಂದಳು. "ನಮ್ಮತ್ತೆ, ಅಡುಗೆಯವರು" ಎಂದೆ. ನಗುತ್ತಾ ಮರಕ್ಕೆ ಒರಗಿದಳು. ನಗು ಮುಗಿದ ಮೇಲೆ ಹೇಳಿದ್ದು: ಮೇಲಿನ ಗೊಬ್ಬರವನ್ನೆಲ್ಲ ಕೆರೆದು ತೆಗೆಯಬೇಕು. ಇನ್ನು ಮುಂದೆ ಉದುರಿದ ಎಲೆ ಬಿಟ್ಟು ಬೇರೇನೂ ಹಾಕಬಾರದು. ಚಳಿಗೆ ಮರದ ಎಲೆ ಉದುರಿದಾಗ ಬಿಸಿಲು ಕೆಳಗಿಳಿಯುತ್ತದೆ, ಆ ಬಿಸಿಲೇ ಊಟ. ಆದರೂ ಈ ಸಲ ಹೂ ಬಿಟ್ಟೀತೆಂದು ಹೇಳಲಾರಳಂತೆ.

ಹೂ ಬಿಡದಿದ್ದರೆ ನನ್ನ ಗತಿ ಬೆಂಚು. ನೀವು ಹೇಳಿದ್ದನ್ನೇ ಮಾಡಿದೆನಲ್ಲಾ ಎಂದು ಸಿಟ್ಟು ಬಂದಿತ್ತು. ಬಂದದ್ದನ್ನು ಬರೆದಿದ್ದೇನೆ, ಈಗ ಹೋಗಿದೆ. ಎರಡು ದಿನ ಮಂಡಿಯೂರಿ ಗೊಬ್ಬರ ಕೆರೆದೆ. ದರ್ಜಿಯಮ್ಮ ಹೇಳಿದರು: "ಅಂತೂ ಹೂತಿದ್ದನ್ನ ಹೊರಗೆ ತೆಗೀತಾ ಇದೀಯ!"

ಬುಗುರಿ


ಸೆಪ್ಟೆಂಬರ್ 21

ಬುಗುರಿಗೆ,

ನಿನ್ನ ಕಾಗದ ಓದಿ ಸೌಟು ಕೆಳಗಿಟ್ಟೆ. ತಪ್ಪು ನನ್ನದೇ. ಇಷ್ಟು ವರ್ಷ ಒಲೆ ಮುಂದೆ ನಿಂತವಳಿಗೆ ಪ್ರೀತಿ ಎಂದರೆ ಇನ್ನೊಂದು ಸೌಟು ಹಾಕುವುದು. ಬೇಡ ಎನ್ನುವವರ ತಟ್ಟೆಗೂ ಹಾಕುತ್ತೇನೆ. ಗಿಡ ಬೇಡ ಎನ್ನಲಾರದು, ಪಾಪ.

ನಿನ್ನಮ್ಮನಿಗೆ ಬೇರೆ ಬರೆದಿದ್ದೇನೆ: ಈ ಸಲ ಹೂ ಬಿಡದಿದ್ದರೆ ಅದು ನನ್ನ ಲೆಕ್ಕಕ್ಕೆ, ಹುಡುಗಿಯ ಲೆಕ್ಕಕ್ಕಲ್ಲ ಎಂದು.

ಆದರೆ ಹೂ ಬಿಡಲಿ, ಬುಗುರಿ. ಬಿಡಬೇಕು. ಎಷ್ಟು ಬೇಕೆಂದು ಹೇಳಿದರೆ ನೀನು ನಗುತ್ತೀಯ.

ಇಸ್ತ್ರಿಯ ವಾಸನೆ ಎಂದು ಬರೆದಿದ್ದೆಯಲ್ಲ, ಹೇಗಿತ್ತು? ಬಿಸಿ ಬಟ್ಟೆಯದೋ, ಇಜ್ಜಲಿನದೋ? ಹೀಗೆ ಅರ್ಧಕ್ಕೆ ಬಿಟ್ಟರೆ ಹೇಗೆ?

ಅತ್ತೆ


ನವೆಂಬರ್ 8

ಅತ್ತೆಗೆ,

ಇಸ್ತ್ರಿ ಪೆಟ್ಟಿಗೆ ಕರೆಂಟಿನದು. ಬಿಸಿ ಬಟ್ಟೆಯ ವಾಸನೆ. ಮೇಲೆ ನೀರು ಚಿಮುಕಿಸಿದಾಗ ಮೊದಲ ಹನಿ ಮಳೆಯ ಹಾಗೆ.

ಈಗ ನಾನು ಕೇಳುತ್ತೇನೆ. ಪ್ರತಿ ಕಾಗದದಲ್ಲೂ ವಾಸನೆ, ವಾಸನೆ. ನಾನು ನಿಜವಾಗಿ ಇಲ್ಲೇ ಇದ್ದೇನೋ, ಬಸ್ ಹತ್ತಿ ಹೋಗಿ ಬೇರೆಲ್ಲಿಂದಲೋ ಬರೆಯುತ್ತಿದ್ದೇನೋ ಎಂದು ಪರೀಕ್ಷೆ ಮಾಡುತ್ತಿದ್ದೀರಾ? ಹಾಗಿದ್ದರೆ ನೇರ ಕೇಳಿ. ನಾನು ಓಡಿಹೋದರೆ ಓಡಿಹೋದೆ ಎಂದೇ ಬರೆಯುವವಳು. ನಿಮಗೆ ಗೊತ್ತು.

ಓಡುವ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಹಾರ್ನಕ್ಕನಿಗೆ ವ್ಯಾನಿನಲ್ಲಿ ಜೊತೆಗೊಬ್ಬರು ಬೇಕು. ಊರೂರಿಗೆ ಸಸಿ ಹಂಚುವುದು, ನೆಟ್ಟುಕೊಡುವುದು, ರಾತ್ರಿ ಎಲ್ಲಿ ಸೇರಿದರೆ ಅಲ್ಲಿ. ಕುರ್ಚಿಯೇ ಇಲ್ಲದ ಕೆಲಸ! "ಇವತ್ತೇ ಬರ್ತೀಯಾ?" ಎಂದಳು. ಹೂ ಅರಳುವವರೆಗೆ ಆಗದು ಎಂದೆ. ಮಾರ್ಚಿನ ಕೊನೆಗೆ ದೊಡ್ಡ ಸುತ್ತು ಹೊರಡುತ್ತದೆ, ಅಲ್ಲಿಯವರೆಗೆ ಕಾಯುತ್ತಾಳಂತೆ, ಅದರ ಆಚೆ ಕಾಯಲಾರಳಂತೆ.

ನನಗೆ ಹೋಗಬೇಕು, ಅತ್ತೆ. ಹೋಗುವುದಿಲ್ಲ. ಎರಡೂ ನಿಜ.

ಮರ ಎಲೆ ಉದುರಿಸುತ್ತಿದೆ. ಗುಡಿಸುವುದನ್ನು ನಿಲ್ಲಿಸಿದ್ದೇನೆ. ದರ್ಜಿಯಮ್ಮನಿಗೆ ನನ್ನ ಸೋಮಾರಿತನದ ಬಗ್ಗೆ ಒಂದು ಅಭಿಪ್ರಾಯ ಬಂದಿದೆ.

ಬುಗುರಿ


ಡಿಸೆಂಬರ್ 2

ಬುಗುರಿಗೆ,

ಹೋಗುವುದಾದರೆ ಹೋಗು. ನಾನು ತಡೆಯುವುದಿಲ್ಲ.

ಇಲ್ಲಿ ಚಳಿ. ಕೆಲಸ ಹೆಚ್ಚು.

ಅತ್ತೆ


ಡಿಸೆಂಬರ್ 24

ಅತ್ತೆಗೆ,

ಮೂರು ಸಾಲಿನ ಕಾಗದ ಬರೆದು ಹೆದರಿಸುತ್ತೀರಾ? ಹೋಗುವುದಿಲ್ಲ ಎಂದು ಬರೆದಿದ್ದೆ, ಮತ್ತೆ ಓದಿ. ಎಲೆಗಳ ನಡುವೆ ಬಗ್ಗಿ ನೋಡುತ್ತೇನೆ ದಿನವೂ. ಮೊಗ್ಗಿಲ್ಲ.

ನಿಮಗೆ ಮೈ ಸರಿಯಿಲ್ಲವೇ? ನಿಜ ಹೇಳಿ. ನಾನು ಹೇಳುತ್ತೇನಲ್ಲ.

ಬುಗುರಿ


ಜನವರಿ 17

ಬುಗುರಿಗೆ,

ನಿನ್ನ ಕೊನೆಯ ಸಾಲು ಆಲೂಗಡ್ಡೆ ಸುಲಿಯುವಾಗಲೆಲ್ಲ ತಲೆಯಲ್ಲಿ ತಿರುಗಿತು. ಸರಿ, ಹೇಳುತ್ತೇನೆ. ಇಲ್ಲಿ ಯಾರಿಗೂ ಹೇಳಿಲ್ಲ.

ಹೋದ ವರ್ಷ ಚಳಿಯಲ್ಲಿ ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಮೂಗು ಮುಖದ ಮೇಲೇ ಇದೆ, ಕೆಲಸ ಮಾಡುವುದಿಲ್ಲ. ಬೆಳ್ಳುಳ್ಳಿಯೂ ಒಂದೇ, ಸೋಪೂ ಒಂದೇ. ಅಡುಗೆಯವಳಿಗೆ ಇದು ಹೇಗಿರುತ್ತದೆ ಎಂದರೆ, ನಿನ್ನ ಕಾಲು ಕಟ್ಟಿಹಾಕಿದ ಹಾಗೆ. ಈರುಳ್ಳಿ ಬೆಂದದ್ದನ್ನು ಬಣ್ಣದಲ್ಲಿ ನೋಡುತ್ತೇನೆ, ಎಣ್ಣೆ ಕಾದದ್ದನ್ನು ಸದ್ದಿನಲ್ಲಿ ಕೇಳುತ್ತೇನೆ. ಹಾಲು ಕೆಟ್ಟಿದೆಯೇ ಎಂದು ತಿಳಿಯಲು ಲಾರಿಯವನ ಮೂಗಿನ ಮುಂದೆ ಹಿಡಿದು, "ಏನಪ್ಪ, ಹಾಲಿಗೆ ನೀರು ಬೆರೆಸಿದೀಯಾ?" ಎಂದು ಜಗಳ ತೆಗೆಯುತ್ತೇನೆ. ಅವನು ಮೂಸಿ, "ಏನಕ್ಕ, ಹಾಲು ಕಮ್ಮಗಿದೆಯಲ್ಲ!" ಎಂದು ಕೂಗುತ್ತಾನೆ. ಸರಿ, ಒಲೆಗೆ ಇಡುತ್ತೇನೆ. ಒಂದು ವರ್ಷ ಹೀಗೇ ನಡೆದಿದೆ.

ವಾಸನೆ ಬರೆ ಎಂದದ್ದು ನಿನ್ನನ್ನು ಪರೀಕ್ಷಿಸಲು ಅಲ್ಲ, ಹುಚ್ಚಿ. ಅವನ್ನು ಓದುತ್ತಾ ನೆನಪು ಮಾಡಿಕೊಳ್ಳುತ್ತೇನೆ. ಇಸ್ತ್ರಿ ಬಟ್ಟೆಯ ಮೇಲೆ ನೀರು ಎಂದೆಯಲ್ಲ, ಆ ದಿನವೆಲ್ಲ ಸುಖವಾಗಿದ್ದೆ.

ಮೊನ್ನೆ ಸುರಂಗ ಕೂಡಿತು. ಕೊನೆಯ ಬಂಡೆ ಬಿದ್ದು ಆ ಕಡೆಯ ಗಾಳಿ ಈ ಕಡೆಗೆ ನುಗ್ಗಿತು. ಊಟದ ಗಾಡಿ ಹಿಡಿದು ನಾನೂ ಅಲ್ಲೇ ಇದ್ದೆ. ಎಲ್ಲರೂ ಮುಖವೆತ್ತಿ, "ಹುಲ್ಲಿನ ವಾಸನೆ! ಆ ಕಡೆ ಮಳೆ ಬಂದಿದೆ!" ಎಂದು ಮಕ್ಕಳ ಹಾಗೆ ಕುಣಿದರು. ನಾನೂ ಹೌದು ಹೌದು ಎಂದೆ. ನನಗೆ ಬಂದದ್ದು ಬರೀ ಗಾಳಿ.

ಮೂಗು ತಾನಾಗಿ ಮರಳಬಹುದು, ಮರಳದಿರಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಾನು ನನ್ನೊಳಗೇ ಒಂದು ಪಣ ಕಟ್ಟಿಕೊಂಡಿದ್ದೇನೆ. ಬೇರೆ ಯಾವುದು ಬರದಿದ್ದರೂ ಆ ಗೋಡೆಯಾಚೆಯ ಪರಿಮಳ ಬಂದರೆ, ಮನೆಯ ಮುಂದಿನ ಕೋಣೆಯಲ್ಲಿ ಊಟದ ಮನೆ ಶುರು ಮಾಡುತ್ತೇನೆ. ಬರದಿದ್ದರೆ ಸೌಟು ಮೂಲೆಗಿಡುತ್ತೇನೆ. ಮಾರ್ಚಿನ ಮೂರನೆಯ ವಾರ ಬರುತ್ತೇನೆ.

ಅಮ್ಮನಿಗೆ ಹೇಳಬೇಡ. ನಿನಗೆ ಸುಳ್ಳು ಬರುವುದಿಲ್ಲ, ಗೊತ್ತು. ಅವಳು ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನಿರು.

ಅತ್ತೆ


ಫೆಬ್ರವರಿ 12

ಅತ್ತೆಗೆ,

ಅರಳಿದೆ.

ಮೊದಲು ಕಂಡದ್ದು ಮೆಟ್ಟಿಲ ಪಕ್ಕದಲ್ಲಿ. ಹುಡುಕಿದರೆ ಒಂದರ ಹಿಂದೆ ಒಂದು, ಎಲೆಯ ಕೆಳಗೆ ತಲೆ ತಗ್ಗಿಸಿಕೊಂಡು. ಉಗುರಿನಷ್ಟು ಹೂ, ಕಡುನೇರಳೆ. ಮರ ಬೋಳಾಗಿ ಬಿಸಿಲು ನೆಲದ ಮೇಲೆ ಚೂರು ಚೂರಾಗಿ ಬಿದ್ದಿದೆ, ಆ ಚೂರುಗಳಲ್ಲೆಲ್ಲ ಹೂ. ಬೋಳು ನೆಲ ಎಲ್ಲಿತ್ತೆಂದು ನನಗೇ ಮರೆತುಹೋಗಿದೆ.

ಈಗ ನೀವು ಕಾಯುತ್ತಿರುವ ಮಾತು. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಬಕೆಟ್ ಹಿಡಿದು ನಲ್ಲಿಗೆ ಹೋಗುವಾಗ ಏನೋ ಸಿಹಿಯಾಗಿ ತಾಕಿದ ಹಾಗಾಯಿತು. ಬಕೆಟ್ ಎಸೆದು ಹೊಟ್ಟೆ ಅಡಿಯಾಗಿ ಮಲಗಿ ಹೂವಿಗೆ ಮೂಗಿಟ್ಟೆ. ಒಂದು ಉಸಿರಿಗೆ ಇದ್ದಂತಿತ್ತು. ಮತ್ತೆ ಎಳೆದೆ, ಇಲ್ಲ. ಪಕ್ಕದ್ದು, ಇಲ್ಲ. ಅದರ ಪಕ್ಕದ್ದು, ಇಲ್ಲ. ಮೈಯೆಲ್ಲ ಒದ್ದೆಯಾಗುವವರೆಗೂ ಹಿತ್ತಲಿನ ಒಂದೊಂದು ಹೂವನ್ನೂ ಮೂಸಿದೆ. ಏನೂ ಇಲ್ಲ, ನೀರು ಮೂಸಿದ ಹಾಗೆ. ಮಾರನೆಯ ದಿನವೂ ಹಾಗೇ. ಮೊದಲು ಬಂದದ್ದು ನನ್ನ ಆಸೆಯೇ ಇರಬೇಕು.

ಅಮ್ಮನಿಗೂ ಬರೆದೆ. ಅವಳು, "ಅರಳಿತಲ್ಲ, ಸಾಕು, ನೀನು ಗೆದ್ದೆ" ಎಂದು ಬರೆದಿದ್ದಾಳೆ. ಸಾಲದು. ಪರಿಮಳದ ಹೂ ಎಂದು ಮಾತಾಗಿತ್ತು. ಹಾರ್ನಕ್ಕನ ಜೊತೆ ಹೋಗುವ ಹಕ್ಕು ನನಗೆ ಬಂದಿಲ್ಲ. ಅವಳ ಮೂಗು ಕುಯ್ಯುವ ಹಕ್ಕು ಬಂದಿದೆ, ಬಂದಾಗ ನೋಡುತ್ತೇನೆ.

ನಿಮ್ಮ ಪಣ ನಿಮ್ಮ ಮೂಗಿನಿಂದ ಸೋಲುವುದು ಬೇರೆ, ಹೂವಿನಿಂದ ಸೋಲುವುದು ಬೇರೆ. ಆದ್ದರಿಂದ ಮೊದಲೇ ತಿಳಿದಿರಲಿ ಎಂದು ಬರೆದೆ.

ಬುಗುರಿ


ಫೆಬ್ರವರಿ 25

ಬುಗುರಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಳ್ಳೆಯ ಹುಡುಗಿ ನೀನು. ಆದರೆ ಇದನ್ನು ಮಾಡಬಾರದಿತ್ತು.

ನಾನು ಬಂದು ಬಗ್ಗಿ ಮೂಸಿ, ಏನೂ ಸಿಗದೆ ಪೆಚ್ಚಾಗಬಾರದು ಎಂದು ತಾನೇ ಹೂವಿಗೇ ಪರಿಮಳವಿಲ್ಲ ಎಂದು ಬರೆದೆ? ತಿಳಿಯುತ್ತದೆ. ಇಡೀ ಬಳಗದಲ್ಲಿ ಸುಳ್ಳು ಬಾರದವಳು ನೀನೊಬ್ಬಳು. ನಿನಗೆ ನನ್ನ ಮೂಗಿನ ವಿಷಯ ಹೇಳಿದ್ದೇ ಆ ನಂಬಿಕೆಯ ಮೇಲೆ. ಈಗ ನನ್ನ ಸಲುವಾಗಿ ನೀನೂ ಸುಳ್ಳು ಕಲಿತೆಯಲ್ಲ ಎಂದು ಸಂಕಟವಾಯಿತು. ಕರುಣೆ ತೋರಿಸುವವರು ನನಗೆ ಬೇಕಾದಷ್ಟು ಜನ ಸಿಗುತ್ತಾರೆ.

ಪಾತ್ರೆಗಳನ್ನು ಕಟ್ಟುತ್ತಿದ್ದೇವೆ.

ಅತ್ತೆ


ಮಾರ್ಚ್ 8

ಅತ್ತೆಗೆ,

ನಿಮಗೆ ಬುದ್ಧಿ ಇದೆಯಾ? ದೊಡ್ಡವರಿಗೆ ಹೀಗೆ ಕೇಳಬಾರದು, ಕೇಳಿಯಾಯಿತು.

ನಾನು ನಿಮಗಾಗಿ ಸುಳ್ಳು ಹೇಳಿದೆನೇ? ನಿಮ್ಮ ಬಾಗಿಲು ಸೀಳಿದ್ದನ್ನು ಕ್ಷೇಮಕ್ಕಿಂತ ಮೊದಲು ಬರೆದವಳು ನಾನು. ಸುಳ್ಳಾಡುವುದಿದ್ದರೆ ಪರಿಮಳ ಘಮಘಮ ಎಂದು ಬರೆದು ಈಗಾಗಲೇ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ. ಎರಡು ದಿನ ನಿಮ್ಮ ಮೇಲೆ ಕುದ್ದೆ.

ಮೂರನೆಯ ದಿನ ಅಂಚೆಯಣ್ಣ ಬಂದ. ಕಾಗದ ಕೊಡುವುದಕ್ಕೆ ಪಕ್ಕದ ಸಂದಿಯಿಂದ ಹಿತ್ತಲಿಗೇ ಬರುತ್ತಾನೆ, ಗೊತ್ತಲ್ಲ. ನಾನು ಹೂವಿನ ನಡುವೆ ಮಂಡಿಯೂರಿ ಮೂಸುತ್ತಿದ್ದೆ. ಅವನು ಅಲ್ಲೇ ನಿಂತು, "ಏನಮ್ಮ, ಇವತ್ತು ಸೆಂಟು ಗಿಂಟು ಜೋರಾಗಿದೆ, ಯಾರ ಮದುವೆ?" ಎಂದ. ನಾನು ಸೆಂಟು ಹಾಕುವವಳಲ್ಲ. ಅಷ್ಟರಲ್ಲಿ ದರ್ಜಿಯಮ್ಮ ಗೋಡೆ ಮೇಲಿಂದ, "ನಾನೂ ಕೇಳೋಣ ಅಂತಿದ್ದೆ, ಬಟ್ಟೆ ಒಣಹಾಕೋಕೆ ಬಂದಾಗೆಲ್ಲ ಘಮ್ ಅನ್ನತ್ತೆ" ಎಂದರು.

"ಎಲ್ಲಿ? ನನಗೆ ಬರ್ತಿಲ್ಲ!"

"ಈಗ ನನಗೂ ಇಲ್ಲ ಬಿಡು" ಎಂದ ಅಂಚೆಯಣ್ಣ, ಮೂಗು ಉಜ್ಜಿಕೊಂಡು. "ಒಳಗೆ ಬಂದಾಗ ಇತ್ತು."

ಸಂಜೆ ಹಾರ್ನಕ್ಕನನ್ನು ಹಿಡಿದೆ. ಅವಳಿಗೆ ಮರಕ್ಕೆ ಒರಗಿ ನಗುವುದೇ ಕೆಲಸ. "ಅಯ್ಯೋ ಪೆದ್ದಿ, ದಿನವಿಡೀ ಮಲಗಿ ಮೂಸಿದ್ಯಾ? ಯಾರಾದ್ರೂ ಹಾಗೆ ಮೂಸ್ತಾರಾ? ಈ ಹೂವಿನ ವಾಸನೆ ಮೂಗನ್ನೇ ಮಲಗಿಸಿಬಿಡತ್ತೆ ಕಣೆ. ಒಂದು ಉಸಿರು ಸಿಗತ್ತೆ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಹೂವಿನ ವಾಸನೆ ಹೋಗಿರಲ್ಲ, ನಿನ್ನ ಮೂಗು ಹೋಗಿರತ್ತೆ. ಎಲ್ಲರಿಗೂ ಹಾಗೇ."

ಎಲ್ಲರಿಗೂ ಹಾಗೇ, ಅತ್ತೆ. ನೀವು ಗೋಡೆಯ ಪಕ್ಕ ನಿಂತು ತಿರುಗಿ ನೋಡಿದಾಗ ಹೋಗುತ್ತಿತ್ತಲ್ಲ, ಅದು ಗಾಳಿಯ ತಪ್ಪಲ್ಲ. ಇಷ್ಟು ವರ್ಷ ಸುಮ್ಮನೆ ಬೈದಿರಿ. ಹೂವಿನ ನಡುವೆ ಮಲಗಿದ್ದ ಅಷ್ಟು ಹೊತ್ತು ನನ್ನ ಮೂಗೂ ನಿಮ್ಮ ಮೂಗಿನ ಹಾಗೇ ಇತ್ತು. ನನಗೆ ಗೊತ್ತಿರಲಿಲ್ಲ ಅಷ್ಟೇ.

ಬೆಳಿಗ್ಗೆ ಮತ್ತೆ ನೋಡಿದೆ. ನೋಡಬೇಕೆಂದು ಹೋಗಲಿಲ್ಲ, ಹಾಲಿನ ಪಾತ್ರೆ ತೊಳೆಯಲು ಹೋದೆ, ದರ್ಜಿಯಮ್ಮನಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಾ. ಬಂತು. ಹೇಗಿದೆ ಎಂದರೆ, ಸಿಹಿ, ಆದರೆ ಸಕ್ಕರೆಯ ಸಿಹಿಯಲ್ಲ. ತಣ್ಣಗೆ, ಒಗೆದ ಬಟ್ಟೆಯೊಳಗೆ ಯಾರೋ ಹಣ್ಣು ಸುತ್ತಿಟ್ಟ ಹಾಗೆ. ನಾನು ನಿಲ್ಲಲಿಲ್ಲ. ಪಾತ್ರೆ ತೊಳೆದು ಬಂದೆ.

ಹಿಂದಿನ ಕಾಗದದಲ್ಲಿ ಬರೆದದ್ದು ತಪ್ಪು, ಸುಳ್ಳಲ್ಲ. ಈ ವ್ಯತ್ಯಾಸ ನಿಮಗೆ ಗೊತ್ತಿರಬೇಕು.

ಹೂವಿಗೆ ಪರಿಮಳ ಇದೆ. ಮಾತು ಪೂರ್ತಿಯಾಯಿತು. ಈ ಸಲದ ಸುತ್ತು ಬೇಗ ಹೊರಡುತ್ತಿದೆ, ಹದಿನೈದಕ್ಕೆ. ನೀವು ಬರುವವರೆಗೆ ಕಾಯಬೇಕೆಂದಿತ್ತು. ವ್ಯಾನಿನ ಹತ್ತಿರ ನಿಂತರೆ ಕಾಲು ಕೇಳುವುದಿಲ್ಲ. ಬೀಗದ ಕೈ ದರ್ಜಿಯಮ್ಮನ ಬಳಿ. ನೀವು ಬಗ್ಗಬೇಡಿ, ಮೂಸಬೇಡಿ. ಬಟ್ಟೆ ಒಣಹಾಕಲು ಹೋಗಿ.

ನಿಮ್ಮ ಮೂಗಿಗೆ ಬರುತ್ತದೆ ಎಂದು ನಾನು ಹೇಳಲಾರೆ. ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಬುಗುರಿ


ಮಾರ್ಚ್ 27

ಬುಗುರಿಗೆ,

ಈ ಕಾಗದ ನರ್ಸರಿಯ ವಿಳಾಸಕ್ಕೆ. ವ್ಯಾನು ಯಾವ ಊರಲ್ಲಿದ್ದರೂ ಅವರು ಸೇರಿಸುತ್ತಾರಂತೆ.

ಮೊದಲು ಒಂದು ನಿಜ, ನಿನ್ನ ಹಾಗೆ. ಆ ಸೊಟ್ಟ ಮೊಳೆಗೆ ಬಟ್ಟೆ ಸಿಕ್ಕಿಕೊಂಡು ಹರಿಯಿತು. ನೀನು ಎಚ್ಚರಿಸಿದ್ದು ಹೋದ ವರ್ಷ, ನಾನು ಮರೆತದ್ದು ನಿನ್ನೆ. ಎರಡನೆಯ ನಿಜ, ನಿನ್ನನ್ನು ಸುಳ್ಳುಗಾತಿ ಎಂದದ್ದಕ್ಕೆ ನಾಚಿಕೆಯಾಗಿದೆ.

ಬಂದ ಸಂಜೆಯೇ ನೀನು ಬೇಡ ಎಂದದ್ದನ್ನೆಲ್ಲ ಮಾಡಿದೆ. ಬಗ್ಗಿದೆ. ಕೂತೆ. ಮೂಸಿದೆ. ಏನೂ ಇಲ್ಲ. ನೋಡಲೇನೋ ಕಣ್ಣು ತುಂಬುವ ಹಾಗಿದೆ. ಹಿತ್ತಲಿನ ಈ ಗೋಡೆಯಿಂದ ಆ ಗೋಡೆಗೆ ಕಂಬಳಿ ಹಾಸಿದಂತೆ. ಹೂವಿನ ಕಾಲ ಮುಗಿಯುತ್ತಾ ಬಂದಿದೆ, ಆದರೂ ಬೇಕಾದಷ್ಟಿವೆ. ಆಯಿತು, ಸೌಟು ಮೂಲೆಗೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಟ್ಟೆ ಹಾಕಲು ಹೋದೆ. ಹೂವಿನ ಯೋಚನೆ ಇರಲಿಲ್ಲ. ಆ ಲಾರಿಯವನಿಗೆ ಹಾಲಿನ ವಿಷಯ ಹೇಳದೆಯೇ ಬಂದೆನಲ್ಲ, ಪಾಪ, ಎಂದು ಯೋಚಿಸುತ್ತಿದ್ದೆ. ತಂತಿಯ ಅರ್ಧದಲ್ಲಿ ಬಂತು.

ಬುಗುರಿ, ಬಂತು. ಗೋಡೆ ಬಂತು, ದಾರಿ ಬಂತು, ನನ್ನ ಹಳೆಯ ಚಪ್ಪಲಿಯ ಸದ್ದು ಕೂಡ ಬಂದ ಹಾಗಾಯಿತು. ನಿಂತೆ. ತಿರುಗಿದೆ. ಹೋಯಿತು.

ಮೂಗಿಗೆ ಬಂತೋ, ನೆನಪಿಗೆ ಬಂತೋ, ಆಣೆ ಮಾಡಿ ಹೇಳಲಾರೆ. ಒದ್ದೆ ಬಟ್ಟೆ ಹಿಡಿದು ಒಬ್ಬಳೇ ನಗುತ್ತಾ ನಿಂತಿದ್ದೆ. ದರ್ಜಿಯಮ್ಮ ಗೋಡೆ ಮೇಲಿಂದ, "ಏನ್ರೀ, ಒಳಗೆ ಏನೋ ಸೀಯ್ತಿದೆ!" ಎಂದು ಕೂಗಿದರು. ಒಲೆಯ ಮೇಲೆ ಈರುಳ್ಳಿ ಇಟ್ಟು ಬಂದಿದ್ದೆ. ಇದ್ದಿಲಾಗಿತ್ತು. ಅಡುಗೆಮನೆ ತುಂಬ ಹೊಗೆ, ನನಗೆ ಒಂದಿಷ್ಟೂ ಗೊತ್ತಾಗಲಿಲ್ಲ.

ಹೀಗಿದೆ ನನ್ನ ಮೂಗಿನ ಸ್ಥಿತಿ. ಪಣ ಗೆದ್ದೆನೋ ಸೋತೆನೋ ನೀನೇ ಹೇಳು. ನಿನ್ನ ಮಾತನ್ನು ನಂಬುತ್ತೇನೆ.

ಅತ್ತೆ


ಏಪ್ರಿಲ್ 9

ಅತ್ತೆಗೆ,

ಇದು ಕಾರ್ಡು, ಜಾಗ ಕಡಿಮೆ. ಮೊಣಕಾಲಿನ ಮೇಲಿಟ್ಟು ಬರೆಯುತ್ತಿದ್ದೇನೆ, ಹಾರ್ನಕ್ಕ ಹಳ್ಳ ನೋಡಿ ಓಡಿಸುವುದಿಲ್ಲ. ಇಲ್ಲಿಯವರೆಗೆ ಒಂದು ಕಡೆಯೂ ಎರಡು ಹೊತ್ತು ಊಟ ಮಾಡಿಲ್ಲ, ಸುಖವಾಗಿದ್ದೇನೆ. ನಿನ್ನೆ ಒಬ್ಬರ ಮನೆಯ ಹಿಂದೆ, ಮರದಡಿ, ನಾನೇ ವಯೊಲೆಟ್ ನೆಟ್ಟೆ. ಆ ಮನೆಯಾಕೆ ಗೊಬ್ಬರದ ಬಕೆಟ್ ತಂದರು. ಕಿತ್ತುಕೊಂಡೆ.

ಪಣದ ಮಾತು. ಮೂಗೋ ನೆನಪೋ ನನಗೂ ಗೊತ್ತಿಲ್ಲ. ಆದರೆ ತಿರುಗುವ ಮೊದಲು ಒಂದು ಉಸಿರು, ಅಷ್ಟೇ ತಾನೇ ನಿಮಗೆ ಸಿಕ್ಕಿದ್ದು? ನನಗೆ ಸಿಕ್ಕಿದ್ದೂ ಅಷ್ಟೇ. ಅಂಚೆಯಣ್ಣನಿಗೂ ಅಷ್ಟೇ. ಅದಕ್ಕಿಂತ ಹೆಚ್ಚು ಯಾರಿಗೂ ಇಲ್ಲ.

ಮುಂದಿನ ಕೋಣೆಯ ಗೋಡೆಗೆ ಸುಣ್ಣ ಹೊಡೆಸಿ. ಈರುಳ್ಳಿ ಇಟ್ಟಾಗ ದರ್ಜಿಯಮ್ಮನ ಕಡೆಯ ಕಿಟಕಿ ತೆರೆದಿಡಿ.

ಬುಗುರಿ